ಒಲೆ ಹೊಗೆ: ವಿಜ್ಞಾನಿಗಳು ಅಳೆದು ನೋಡಿದ್ದು



“ಹೊಗೆ ಕುಡಿದೇ ನಾವೆಲ್ಲ ಬೆಳೆದಿಲ್ವಾ? ಏನಾಯ್ತು?” ಅಂತ ಹಿರಿಯರು ಕೇಳ್ತಾರೆ. ಈ ಪ್ರಶ್ನೆಗೆ ವಿಜ್ಞಾನಿಗಳು ಹೇಗೆ ಉತ್ತರ ಹುಡುಕಿದರು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹೊಗೆಯಲ್ಲಿ ಏನಿದೆ? ಸೌದೆ ಪೂರ್ತಿ ಉರಿಯದಿದ್ದರೆ ಹೊಗೆ ಏಳುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಅತಿಸಣ್ಣ ಕಣಗಳೂ ಇರುತ್ತವೆ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನು ಮೂಗಿನ ಕೂದಲು ತಡೆಯಲಾರದು. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಾಡ್ಗಿಚ್ಚಿನ ಹೊಗೆಯಲ್ಲೂ ಇಂಥವೇ ಕಣಗಳು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಕೆಲವು ದಿನಗಳಲ್ಲಿ ಆರಿತು. ಒಲೆ ದಿನಾ ಉರಿಯುತ್ತದೆ.

ಅಳತೆ: 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಭಾರತೀಯ ಸಂಗಡಿಗರೊಂದಿಗೆ ಗುಜರಾತಿನ ಹಳ್ಳಿಗಳಿಗೆ ಹೋದರು. ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನು ಸಣ್ಣ ಯಂತ್ರದಿಂದ ಅಳೆದರು. ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ ಸುಮಾರು 7 ಮಿಲಿಗ್ರಾಂ ಕಣಗಳು! ಈಗ ನಮ್ಮ ದೇಶದಲ್ಲಿ 10 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ಇಟ್ಟಿರುವ ದಿನದ ಮಿತಿ 0.1 ಮಿಲಿಗ್ರಾಂ. ಆ ಅಳತೆ ಅಡುಗೆ ಹೊತ್ತಿನದು, ಅದರಲ್ಲಿ ದಪ್ಪ ಕಣಗಳೂ ಸೇರಿದ್ದವು ನಿಜ. ಆದರೂ ಅಂತರ ಎಷ್ಟು ನೋಡಿ.

ಪರೀಕ್ಷೆ: ಹೊಗೆ ಇರುವ ಮನೆಯ ಮಕ್ಕಳಿಗೆ ಕಾಯಿಲೆ ಜಾಸ್ತಿ ಅಂದರೆ ಸಾಲದು. ಆ ಮನೆಯಲ್ಲಿ ಬಡತನವೂ ಇರಬಹುದು, ಊಟವೂ ಕಡಿಮೆ ಇರಬಹುದು. ಅದಕ್ಕೇ ಗ್ವಾಟೆಮಾಲ ದೇಶದಲ್ಲಿ 534 ಮನೆಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮನೆಗಳಿಗೆ ಹೊಗೆ ಕೊಳವೆ ಇರುವ ಒಲೆ ಕೊಟ್ಟರು. ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಒಟ್ಟು ನ್ಯುಮೋನಿಯಾ ಖಚಿತವಾಗಿ ಹೇಳುವಷ್ಟು ಇಳಿದಿರಲಿಲ್ಲ. ಆದರೆ ಕೂಸುಗಳ ತೀವ್ರ ನ್ಯುಮೋನಿಯಾ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಅದೂ ಮಕ್ಕಳಿಗೆ ತಾಗುವ ಹೊಗೆ ಅರ್ಧದಷ್ಟು ಮಾತ್ರ ಇಳಿದಾಗ.

ನಮ್ಮಲ್ಲಿ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆ ರೂಪಿಸಿದರು. ಅದರ ಕೊಳವೆ ಹೊಗೆಯನ್ನು ಸೂರಿನ ಮೇಲೆ ಕಳಿಸುತ್ತದೆ, ಸೌದೆಯೂ ಉಳಿಯುತ್ತದೆ. ಈಗ ನಮ್ಮ ಮನೆಗೆ ಗ್ಯಾಸ್ ಬಂದಿದೆ. ಆದರೆ ಬಚ್ಚಲೊಲೆಗೆ ಇನ್ನೂ ಸೌದೆಯೇ. ಎರಡು ವರ್ಷದ ನನ್ನ ತಂಗಿ ಚಳಿಗೆ ಅದರ ಮುಂದೆಯೇ ಕೂರ್ತಾಳೆ.

ನಾವು ಮಾಡಬಹುದಾದದ್ದು:
1. ಹಸಿ ಸೌದೆ, ಪ್ಲಾಸ್ಟಿಕ್ ಒಲೆಗೆ ಹಾಕಬಾರದು.
2. ಕೊಳವೆಯ ಮಸಿ ಆಗಾಗ ತೆಗೆಸಬೇಕು.
3. ಉರಿ ಹಚ್ಚುವಾಗ ಕಿಟಕಿ, ಬಾಗಿಲು ತೆರೆದಿಡಬೇಕು.
4. ಕೂಸುಗಳನ್ನು ಒಲೆಯಿಂದ ದೂರ ಕೂರಿಸಬೇಕು.

ನಿಮ್ಮ ಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ? ಇವತ್ತು ಸಂಜೆ ನೋಡಿ, ನಾಳೆ ಈ ಹಾಳೆಯ ಕೆಳಗೆ ಬರೆಯಿರಿ. ಜಾಗ ಬಿಟ್ಟಿದ್ದೇನೆ.