ಕಟ್ಟಿದರೆ ಬೀಳುವುದಿಲ್ಲವೇ?

ಹಿರಿಯರ ಆರೈಕೆಯ ಕೆಲಸಕ್ಕೆ ನೀವು ಹೊಸಬರು ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಗೆ ಸೇರಿರಬಹುದು, ಇಲ್ಲವೇ ಮನೆಯಲ್ಲೇ ಅಜ್ಜನನ್ನು ನೋಡಿಕೊಳ್ಳುತ್ತಿರಬಹುದು. ಸಂಶೋಧನೆ ಎಂದರೆ ಓದಿದವರ ಉಸಾಬರಿ, ನಮಗೇಕೆ ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಹಿಡಿದು ನಿಧಾನವಾಗಿ ನಡೆಯೋಣ.

ಮರೆವಿನ ಕಾಯಿಲೆಯ ಹಿರಿಯರೊಬ್ಬರು ರಾತ್ರಿ ಪದೇ ಪದೇ ಮಂಚದಿಂದ ಇಳಿಯುತ್ತಾರೆ. ಬಿದ್ದು ಸೊಂಟ ಮುರಿದುಕೊಂಡರೆ ಎಂಬ ಭಯಕ್ಕೆ ನಾವು ಮಂಚದ ಎರಡೂ ಬದಿಯ ಕಂಬಿ ಏರಿಸುತ್ತೇವೆ. ಹಗಲಿನಲ್ಲಿ ಕುರ್ಚಿಗೆ ಪಟ್ಟಿ ಬಿಗಿಯುತ್ತೇವೆ. ಹೀಗೆ ವ್ಯಕ್ತಿ ತಾನಾಗಿ ಬಿಡಿಸಿಕೊಳ್ಳಲಾಗದಂತೆ ಓಡಾಟವನ್ನು ತಡೆಯುವುದಕ್ಕೆ ‘ದೈಹಿಕ ನಿರ್ಬಂಧ’ ಎನ್ನುತ್ತಾರೆ. ಕಟ್ಟುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. “ಕಟ್ಟಿಬಿಡಿ, ಬಿದ್ದರೆ ಏನು ಗತಿ” ಎಂದು ಮಕ್ಕಳೇ ಹೇಳುವುದುಂಟು. ನಮ್ಮ ಪ್ರಶ್ನೆ ಇಷ್ಟೆ: ಕಟ್ಟಿದರೆ ಪೆಟ್ಟು ನಿಜವಾಗಿಯೂ ತಪ್ಪುತ್ತದೆಯೇ?

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮೇರಿ ಟಿನೆಟಿ ಮತ್ತು ಸಂಗಡಿಗರು ಇದನ್ನು ಎಣಿಸಿ ನೋಡಿ 1992ರಲ್ಲಿ ಪ್ರಕಟಿಸಿದರು. 12 ಆರೈಕೆ ಕೇಂದ್ರಗಳ 397 ಹಿರಿಯರನ್ನು ಒಂದು ವರ್ಷ ಗಮನಿಸಿದರು. ಆರಂಭದಲ್ಲಿ ಇವರೆಲ್ಲರೂ ಓಡಾಡಬಲ್ಲವರು, ಯಾರಿಗೂ ನಿರ್ಬಂಧವಿರಲಿಲ್ಲ. ವರ್ಷದೊಳಗೆ 122 ಮಂದಿಗೆ ನಿರ್ಬಂಧ ಬಿತ್ತು. ಅವರಲ್ಲಿ 21 ಮಂದಿ, ಅಂದರೆ ಶೇ. 17ರಷ್ಟು ಜನ, ಬಿದ್ದು ಗಂಭೀರ ಪೆಟ್ಟು ಮಾಡಿಕೊಂಡರು. ಕಟ್ಟದೆ ಬಿಟ್ಟ 275 ಮಂದಿಯಲ್ಲಿ ಹಾಗಾದವರು 15, ಶೇ. 5ರಷ್ಟು.

ಇಲ್ಲಿ ಸ್ವಲ್ಪ ನಿಲ್ಲಿ. ‘ಹಾಗಾದರೆ ಕಟ್ಟಿದ್ದರಿಂದಲೇ ಪೆಟ್ಟಾಯಿತು’ ಎಂದು ಹೇಳಬಹುದೇ? ಅವಸರ ಬೇಡ. ಯಾರನ್ನು ಕಟ್ಟಿರುತ್ತಾರೆ? ಮೊದಲೇ ತೂರಾಡುತ್ತಿದ್ದವರನ್ನು, ದಿಕ್ಕು ತಪ್ಪಿದವರನ್ನು. ಸಂಶೋಧಕರು ಇಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಸಂಬಂಧ ಉಳಿಯಿತು, ನಿಜ. ಆದರೆ ಅಳೆಯದೆ ಬಿಟ್ಟದ್ದನ್ನು ಯಾವ ಲೆಕ್ಕವೂ ಸರಿದೂಗಿಸಲಾರದು. ನಡೆಯುತ್ತಿರುವುದನ್ನು ಹಾಗೆಯೇ ನೋಡುವ ಇಂಥ ಕೆಲಸಕ್ಕೆ ‘ವೀಕ್ಷಣಾ ಅಧ್ಯಯನ’ ಎಂದು ಹೆಸರು. ಕಟ್ಟಿದರೆ ಕ್ಷೇಮ ಎಂಬ ನಂಬಿಕೆಯನ್ನು ಅದು ಅಲುಗಾಡಿಸುತ್ತದೆ. ಕಾರಣವನ್ನು ಸಾಧಿಸಿ ತೋರಿಸುವುದಿಲ್ಲ.

ಅದಕ್ಕೆ ಇನ್ನೊಂದು ದಾರಿಯಿದೆ. ಚೀಟಿ ಎತ್ತಿದ ಹಾಗೆ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮಾತ್ರ ಹೊಸ ಕ್ರಮ ತರುವುದು. ಯಾವ ಕೇಂದ್ರ ಎಲ್ಲಿಗೆ ಎಂಬುದು ಯಾರ ಇಚ್ಛೆಗೂ ಬಿಟ್ಟದ್ದಲ್ಲವಾದ್ದರಿಂದ ಗುಂಪುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಜರ್ಮನಿಯಲ್ಲಿ 36 ಕೇಂದ್ರಗಳ 3,771 ನಿವಾಸಿಗಳನ್ನು ಒಳಗೊಂಡ ಇಂಥ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಸಿಬ್ಬಂದಿಗೆ ತರಬೇತಿ, ಮನೆಯವರಿಗೂ ತಿಳಿವಳಿಕೆ ಪತ್ರ. ಎಣಿಸುವವರು ಮುನ್ಸೂಚನೆ ಕೊಡದೆ ಬರುತ್ತಿದ್ದರು (ಹೇಳಿ ಬಂದರೆ ಕಂಬಿಗಳೆಲ್ಲ ಕೆಳಗಿಳಿದಿರುತ್ತವೆ ಎಂಬುದು ಈ ಕೆಲಸದಲ್ಲಿರುವ ಯಾರಿಗೆ ಗೊತ್ತಿಲ್ಲ!). ಆರು ತಿಂಗಳಲ್ಲಿ ತರಬೇತಿ ಪಡೆದ ಕಡೆ ನಿರ್ಬಂಧ ಶೇ. 31.5ರಿಂದ 22.6ಕ್ಕೆ ಇಳಿಯಿತು, ಇನ್ನೊಂದು ಕಡೆ 30.6 ಇದ್ದದ್ದು 29.1 ಆಯಿತು. ಬೀಳುವುದರಲ್ಲಾಗಲಿ ಮೂಳೆ ಮುರಿತದಲ್ಲಾಗಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ‘ಗಮನಾರ್ಹ’ ಎಂದರೆ, ಆಕಸ್ಮಿಕ ಏರಿಳಿತ ಎಂದು ತಳ್ಳಿಹಾಕಲಾಗದಷ್ಟು.

ಜರ್ಮನಿಯ ಅಂಕಿಗಳು ನಿಮ್ಮಲ್ಲೂ ಹಾಗೇ ಬರುತ್ತವೆ ಎಂದು ನಾನು ಹೇಳಲಾರೆ. ಇಡೀ ಮಹಡಿಗೆ ರಾತ್ರಿ ಒಬ್ಬರೇ ಆಯಾ ಇರುವಲ್ಲಿ ಕೆಲಸವೇ ಬೇರೆ. ಆದರೆ ಹಾಗೆಯೇ ಪ್ರಶ್ನೆ ಕೇಳುವುದಕ್ಕೆ, ಎಣಿಸುವುದಕ್ಕೆ ನಿಮಗೇನೂ ಅಡ್ಡಿಯಿಲ್ಲ.

ಒಬ್ಬರಿಂದಲೇ ಶುರು ಮಾಡಿ. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಎದ್ದರು, ಎತ್ತ ಹೊರಟರು, ಏನು ಬೇಕಿತ್ತು. ಎಷ್ಟೋ ಸಲ ಮೂತ್ರಕ್ಕೆ ಅವಸರವಾಗಿರುತ್ತದೆ, ಅಷ್ಟೆ. ಎರಡು ಗಂಟೆಗೆ ಏಳುವವರಾದರೆ ಒಂದೂವರೆಗೇ ನೀವು ಎಬ್ಬಿಸಿ ಕರೆದೊಯ್ಯಬಹುದು. ಮಂಚ ತಗ್ಗಿಸಿ, ಬಚ್ಚಲಿನ ದಾರಿಗೆ ಸಣ್ಣ ದೀಪ ಹಾಕಿ. ನಿದ್ದೆ ಮಾತ್ರೆಯಿಂದಲೂ ಬೀಳುವ ಅಪಾಯ ಹೆಚ್ಚುತ್ತದೆ. ಆ ಬಗ್ಗೆ ವೈದ್ಯರನ್ನು ಕೇಳಿ. ಮನೆಯವರಿಗೆ ತಿಳಿಸಿಯೇ ಕಂಬಿ ಇಳಿಸಿ, ಆಮೇಲೂ ಅದೇ ಪುಸ್ತಕದಲ್ಲಿ ಅದೇ ರೀತಿ ಬರೆಯುತ್ತಾ ಹೋಗಿ. ಪೆಟ್ಟಾಗದೆ ಬಿದ್ದದ್ದನ್ನೂ ಬಿಡಬೇಡಿ. ಬೈಗುಳಕ್ಕೆ ಹೆದರಿ ಪಾಳಿಯವರು ಮುಚ್ಚಿಡುವುದು ಅದನ್ನೇ.