ಮುತ್ತಜ್ಜನನ್ನು ಹುಡುಕಲು ಹೊರಟವರಿಗೆ

ಮುತ್ತಜ್ಜನ ಅಪ್ಪ ಯಾರು, ಯಾವ ಊರಿಂದ ಬಂದರು ಎಂದು ತಿಳಿಯುವ ಆಸೆ ಹುಟ್ಟಿದೆ ನಿಮಗೆ. ಒಳ್ಳೆಯದೇ. ಆದರೆ ಹುಡುಕುವ ಕ್ರಮ ಮಾತ್ರ ಸರಿಯಿಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಮನೆತನದ ಹೆಸರು ಒತ್ತುತ್ತೀರಿ, ಏನೂ ಸಿಗಲಿಲ್ಲವೆಂದು ಬೇಜಾರು ಮಾಡಿಕೊಂಡು ಮಲಗುತ್ತೀರಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳ ಹಳೆಯ ಸುದ್ದಿ ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ, ಜಗಲಿಯಲ್ಲಿ ಕವಳ ಹಾಕುತ್ತ ಕೂತ ನಿಮ್ಮ ಸೋದರತ್ತೆಯ ಬಾಯಲ್ಲಿದೆ.

ಜನಗಣತಿಯಲ್ಲಿ ಹೆಸರು ಸಿಕ್ಕೀತು ಎಂಬ ಆಸೆಯನ್ನು ಮೊದಲು ಬಿಡಿ. ಇಂಗ್ಲೆಂಡಿನಲ್ಲಿ 1921ರ ಗಣತಿಯ ಮನೆವಾರು ಹಾಳೆಗಳನ್ನು ನೂರು ವರ್ಷ ತುಂಬಿದ ಮೇಲೆ, 2022ರಲ್ಲಿ, ಎಲ್ಲರಿಗೂ ತೆರೆದಿಟ್ಟರು. ಅಮೆರಿಕದಲ್ಲಿ 72 ವರ್ಷ ಕಳೆದರೆ ಸಾಕು. ಅದನ್ನು ನೋಡಿದ ನಿಮ್ಮ ಮಗ ಅಲ್ಲಿಂದ ಫೋನು ಮಾಡಿ, ನಮ್ಮದೂ ಸಿಗಬೇಕಲ್ಲ ಎನ್ನುತ್ತಾನೆ. ಸಿಗುವುದಿಲ್ಲ. ಮೈಸೂರು ಸೀಮೆಯಲ್ಲಿ 1871ರಲ್ಲೇ ತಲೆ ಎಣಿಸಿದ್ದಾರೆ, ನಿಜ. ನಮಗೆ ಉಳಿದಿರುವುದು ಇಷ್ಟು ಮನೆ, ಇಷ್ಟು ಗಂಡಸರು, ಇಷ್ಟು ಹೆಂಗಸರು ಎಂಬ ಕೋಷ್ಟಕ ಮಾತ್ರ. ಒಬ್ಬೊಬ್ಬರ ವಿವರವನ್ನು ಯಾರಿಗೂ ತೋರಿಸಬಾರದು, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಹಾಜರುಪಡಿಸಬಾರದು ಎಂದು 1948ರ ಜನಗಣತಿ ಕಾಯಿದೆಯೇ ಹೇಳುತ್ತದೆ.

ಹಾಗೆಂದು ಗಣತಿಯ ಪುಸ್ತಕವನ್ನು ಪೂರ್ತಿ ಬದಿಗಿಡಬೇಡಿ. ನಿಮ್ಮದು ಮುಳುಗಡೆ ಕುಟುಂಬವಾದರೆ 1961ರ ಗಣತಿಯ ಶಿವಮೊಗ್ಗ ಜಿಲ್ಲಾ ಕೈಪಿಡಿಯನ್ನು ಒಮ್ಮೆ ತೆರೆದು ನೋಡಲೇಬೇಕು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತದ್ದು 1964ರಲ್ಲಿ. ಅದಕ್ಕೂ ಮೂರು ವರ್ಷ ಮೊದಲಿನ ಗಣತಿಯ ಈ ಪುಸ್ತಕದಲ್ಲಿ ಹಳ್ಳಿಗಳ ಪಟ್ಟಿ ಇದೆ, ಆಮೇಲೆ ನೀರಿನಡಿಗೆ ಹೋದವೂ ಅದರಲ್ಲಿವೆ. ಈಗಿನ ನಕ್ಷೆಯಲ್ಲಿ ಊರು ಕಾಣದಿದ್ದರೆ ಅಜ್ಜ ಸುಳ್ಳು ಹೇಳಿದರು ಎಂದುಕೊಳ್ಳಬೇಡಿ.

ಹೆಸರು ಬೇಕಾದರೆ ಎಲ್ಲಿ ದುಡ್ಡು ಕೈ ಬದಲಾಯಿಸಿತೋ ಅಲ್ಲಿ ಹುಡುಕಿ. ಮನುಷ್ಯ ಹುಟ್ಟಿದ್ದನ್ನು ಸರಕಾರ ಬರೆದಿಡದೆ ಇರಬಹುದು, ಕಂದಾಯ ಕಟ್ಟಿದ್ದನ್ನು ಬರೆಯದೆ ಬಿಟ್ಟಿಲ್ಲ. ಕಂದಾಯ, ಗೇಣಿ, ಸಾಲ, ಪಾಲು, ಪರಿಹಾರ: ಈ ಐದರಲ್ಲಿ ಒಂದರಲ್ಲಾದರೂ ನಿಮ್ಮ ಹಿರಿಯರು ಸಿಕ್ಕಿಬೀಳುತ್ತಾರೆ. ಅದಕ್ಕೇ ಹಿರಿಯರ ಹತ್ತಿರ ಹೋದಾಗ “ವಂಶವೃಕ್ಷ ಹೇಳಿ” ಎಂದು ಕೇಳಬೇಡಿ. ಹಾಗೆ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. “ಕೆಳಗಿನ ಗದ್ದೆ ಯಾರಿಂದ ಬಂತು? ಮನೆ ಪಾಲಾದದ್ದು ಯಾವಾಗ? ತೋಟ ಅಡವಿಟ್ಟದ್ದು ಯಾರ ಮದುವೆಗೆ?” ಎಂದು ಕೇಳಿ. ಮಾತು ತಾನಾಗಿ ಹರಿಯುತ್ತದೆ. ಶ್ರಾದ್ಧ ಮಾಡುವ ಮನೆಯಾದರೆ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯ ಹೆಸರು ಹೇಳಿಯೇ ಪಿಂಡ ಇಡುತ್ತಾರೆ. ಪುರೋಹಿತರು ಹೇಳಿಕೊಟ್ಟದ್ದನ್ನು ಗಿಳಿಯ ಹಾಗೆ ಒಪ್ಪಿಸಿ ಎದ್ದು ಬರುವ ಬದಲು ಒಂದು ಸಲ ಬರೆದುಕೊಳ್ಳಬಾರದೇ?

ಬರೆಯುವಾಗ ಹೆಸರಿನ ಪಕ್ಕದಲ್ಲಿ ಸರ್ವೆ ನಂಬರು ಹಾಕಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ಒಂದೇ ಮನೆತನದಲ್ಲಿ ತಲೆ ಬಿಟ್ಟು ತಲೆಗೆ ಒಬ್ಬ ತಿಮ್ಮಪ್ಪ, ದಾಯಾದಿ ಮನೆಯಲ್ಲಿ ಇನ್ನೊಬ್ಬ ತಿಮ್ಮಪ್ಪ. ಬರೀ ಹೆಸರನ್ನು ನಂಬಿದರೆ ಅಜ್ಜನನ್ನೇ ಮೊಮ್ಮಗ ಮಾಡಿಬಿಡುತ್ತೀರಿ. ಯಾವ ನಂಬರಿನ ಗದ್ದೆ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತು ಎಂದು ಹಿಂದಕ್ಕೆ ಹೋದರೆ ತಿಮ್ಮಪ್ಪಂದಿರು ತಾವಾಗಿ ಬೇರೆಯಾಗುತ್ತಾರೆ. ಈಗಿನ ಕಂಪ್ಯೂಟರ್ ಪಹಣಿ 2000ದ ಸುಮಾರಿನ ಭೂಮಿ ಯೋಜನೆಯಿಂದ ಈಚಿನದು. ಅದರ ಹಿಂದೆ ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರು, ಹಕ್ಕುದಾಖಲೆಯ ಐ.ಎಲ್.-ಆರ್.ಆರ್. ಪುಸ್ತಕ ಇವೆ. ಖಾತೆ ಬದಲಾಯಿಸುವಾಗ “ಇಂಥವರು ಮರಣ ಹೊಂದಿದ ಕಾರಣ, ಮಗನಾದ ಇಂಥವರ ಹೆಸರಿಗೆ” ಎಂದು ಬರೆಯುವ ಆ ಒಂದು ಸಾಲೇ ನಿಮಗೆ ಬೇಕಾದದ್ದು. ಪೋಡಿಯಾಗಿ ನಂಬರು ಒಡೆದಿದ್ದರೆ ಗಾಬರಿ ಬೇಡ, ಮೂಲ ನಂಬರು ಹಿಡಿದು ಅರ್ಜಿ ಹಾಕಿ. ಹಳೆಯ ದಾಖಲೆಗಳನ್ನು ಭೂ ಸುರಕ್ಷಾ ಎಂಬ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಹೋಬಳಿಯದು ಆಗಿದೆಯೇ ಎಂದು ಕಚೇರಿಗೆ ಹೋಗಿ ಕೇಳಿ. ಫೋನಿನಲ್ಲಿ ಜೋರು ಮಾಡಿದರೆ ಯಾರೂ ಕಪಾಟು ತೆಗೆಯುವುದಿಲ್ಲ.

“ನಮಗೆಲ್ಲಿಯ ಜಮೀನು, ನಮ್ಮ ಅಜ್ಜ ಗೇಣಿ ಮಾಡುತ್ತಿದ್ದರು” ಎಂದು ಕೆಲವರು ಕೈ ಚೆಲ್ಲುತ್ತಾರೆ. ಅವರಿಗೆ ಬೇರೆ ದಾರಿ ಇದೆ. 1951ರಲ್ಲಿ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ದೀವರ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗದಿಂದ ಹತ್ತಿಕೊಂಡ ಜಗಳ ಅದು. ರಾಮಮನೋಹರ ಲೋಹಿಯಾ ಕೂಡ ಬಂದು ಸೆರೆಯಾದರು. ಅಂಥ ಮನೆಗಳ ಅಜ್ಜಂದಿರು ಖಾತೆದಾರರ ಪಟ್ಟಿಯಲ್ಲಿ ಇರುವುದಿಲ್ಲ, ಅಲ್ಲಿ ಒಡೆಯರ ಹೆಸರೇ ಇರುತ್ತದೆ. ನೀವು ನೋಡಬೇಕಾದ್ದು ಕೈಬರಹದ ಪಹಣಿಯಲ್ಲಿ ಸಾಗುವಳಿ ಮಾಡುವವರ ಹೆಸರು ಬರೆಯುವ ಕಾಲಂ. ಆಮೇಲೆ 1974ರ ಭೂ ಸುಧಾರಣೆಯ ಹೊತ್ತಿಗೆ ಹಾಕಿದ ಡಿಕ್ಲರೇಷನ್, ಅಂದರೆ ನಮೂನೆ 7. ಭೂ ನ್ಯಾಯಮಂಡಳಿಯ ಕಡತದಲ್ಲಿ ಗೇಣಿದಾರ ತನ್ನ ಅಪ್ಪನ ಕಾಲದಿಂದ ಉಳುತ್ತಿದ್ದೇನೆಂದು ಹೇಳಿಕೆ ಕೊಟ್ಟಿದ್ದರೆ ನಿಮಗೆ ಎರಡು ತಲೆ ಒಂದೇ ಹಾಳೆಯಲ್ಲಿ ಸಿಕ್ಕ ಹಾಗೆ. ಅಕ್ಕಪಕ್ಕದ ಗದ್ದೆಯವರು ಸಾಕ್ಷಿ ನುಡಿದಿದ್ದರೆ ಅದನ್ನೂ ಓದಿ. ಮನೆಯವರು ಹೇಳದೆ ಮುಚ್ಚಿಟ್ಟದ್ದನ್ನು ನೆರೆಯವರು ಹೇಳಿರುತ್ತಾರೆ!

ಜಮೀನು ಮುಳುಗಿದವರು ಭೂಸ್ವಾಧೀನದ ಅವಾರ್ಡ್ ಕೇಳಿ. ಯಾರ ಯಾವ ನಂಬರಿಗೆ ಎಷ್ಟು ಪರಿಹಾರ ಎಂದು ಅದರಲ್ಲಿರುತ್ತದೆ. ಲಿಂಗನಮಕ್ಕಿಗೂ ಮೊದಲು, 1948ರಲ್ಲಿ, ಹಿರೇಭಾಸ್ಕರ ಅಣೆಕಟ್ಟು ಆಗಿತ್ತು. ಆಮೇಲೆ ಅದೂ ಇದೇ ನೀರಿನಲ್ಲಿ ಮುಳುಗಿತು. ಹೊಸನಗರದ ಕಡೆ ಮಾಣಿ ಡ್ಯಾಮಿನಿಂದ ಎದ್ದವರೂ ಇದ್ದಾರೆ. “ಡ್ಯಾಮಿಗೆ ಹೋಯಿತು” ಎಂದು ಹಿರಿಯರು ಅಂದರೆ ಯಾವ ಡ್ಯಾಮು ಎಂದು ಕೇಳಿಕೊಂಡೇ ಕಚೇರಿಗೆ ಹೋಗಿ.

ತಾಲ್ಲೂಕಿನ ಹೆಸರಲ್ಲಿ ಎಡವುವವರು ಬಹಳ. ಹಳೆಯ ಕಾಗದದಲ್ಲಿ ನಗರ ತಾಲ್ಲೂಕು ಎಂದಿದ್ದರೆ ಶಿವಮೊಗ್ಗ ಪಟ್ಟಣದಲ್ಲಿ ಹುಡುಕಬೇಡಿ, ಅದು ಬಿದನೂರು ನಗರದ ತಾಲ್ಲೂಕು, ಈಗಿನ ಹೊಸನಗರ. ಕವಲೇದುರ್ಗ ತಾಲ್ಲೂಕು ಎಂದಿದ್ದರೆ ತೀರ್ಥಹಳ್ಳಿ. ಘಟ್ಟದ ಕೆಳಗಿನಿಂದ ಬಂದವರೆಂಬ ಮಾತಿದ್ದರೆ ಇನ್ನೂ ಹುಷಾರಾಗಿರಬೇಕು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು, ಉತ್ತರ ಕನ್ನಡ 1862ರಿಂದ ಮುಂಬಯಿಗೆ. ಮೇಲಿನ ಹಂತದ ಕಾಗದಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಒಂದೇ ಸಾಲದು, ಚೆನ್ನೈ ಮುಂಬಯಿಗಳ ಪತ್ರಾಗಾರಕ್ಕೂ ಕಾಗದ ಬರೆಯಬೇಕಾದೀತು.

ತಾರೀಖಿನ ವಿಷಯದಲ್ಲೂ ಆತುರ ಬೇಡ, ಆತುರಗಾರನಿಗೆ ಬುದ್ಧಿ ಮಟ್ಟ. ಪಾಲುಪಟ್ಟಿಯಲ್ಲಿ ಆನಂದ ಸಂವತ್ಸರ ಎಂದಿದ್ದರೆ 1914 ಎಂದು ಬರೆದು ಮುಗಿಸಿಬಿಡುತ್ತೀರಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, 1854ರದ್ದೂ ಆನಂದವೇ, 1974ರದ್ದೂ ಆನಂದವೇ. ಛಾಪಾ ಕಾಗದದ ಮೇಲಿನ ಮುದ್ರೆ, ಸಾಕ್ಷಿ ಹಾಕಿದವರ ಹೆಸರು ನೋಡಿ ತೀರ್ಮಾನಿಸಿ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ.

ಇನ್ನು ಅಟ್ಟದ ಟ್ರಂಕು. ಅಲ್ಲಿ ಕಪ್ಪಗೆ, ಮಡಿಕೆ ಮಡಿಕೆಯಾಗಿ ಮಡಚಿದ ಬಟ್ಟೆಯ ಪುಸ್ತಕ ಸಿಕ್ಕಿದರೆ ಅದೇ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಬಳಪದಲ್ಲಿ ಬಿಳಿಯಾಗಿ ಬರೆದದ್ದು. ಧೂಳು ಕೂತಿದೆಯೆಂದು ಒದ್ದೆ ಬಟ್ಟೆ ತಗೊಂಡು ಒರೆಸಲು ಹೋಗಬೇಡಿ, ಧೂಳಿನ ಜೊತೆ ಅಜ್ಜನ ಲೆಕ್ಕವೂ ಹೋಗುತ್ತದೆ. ಬಳಪದ ಬರಹ ಇರುವುದೇ ಒರೆಸಿ ಅಳಿಸಲೆಂದು. ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವಾಗ, ಒಂದೊಂದೇ ಮಡಿಕೆ ಬಿಡಿಸಿ ಫೋಟೋ ತೆಗೆಯಿರಿ. ಕಾಗದಪತ್ರ ಹರಿದಿದೆಯೆಂದು ಗಮ್ ಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಬೂಷ್ಟು ಹಿಡಿದಿದೆಯೆಂದು ಸುಡುಬಿಸಿಲಿಗೆ ಹರವುವುದು, ಇವೆಲ್ಲ ಮಾಡಬೇಡಿ. ತಾಳೆಗರಿ ಇದ್ದು, ಅಕ್ಷರ ಮಲಯಾಳದ ಹಾಗಿದ್ದು ಓದಲು ಬಾರದಿದ್ದರೆ ತಿಗಳಾರಿ ಇರಬಹುದು. ಸಾಗರದ ಪಕ್ಕದಲ್ಲೇ ಕೆಳದಿ ಇದೆಯಲ್ಲ, ಗುಂಡಾ ಜೋಯಿಸರು ಊರೂರು ತಿರುಗಿ ಕೂಡಿಹಾಕಿದ ಓಲೆ, ಕಡತಗಳ ಮ್ಯೂಸಿಯಂ ಅಲ್ಲಿದೆ. ಅಲ್ಲಿ ವಿಚಾರಿಸಿ.

ಕೆಳದಿ ಎಂದಾಗ ನೆನಪಾಯಿತು. “ನಮ್ಮವರು ಕೆಳದಿ ಅರಸರ ಆಸ್ಥಾನದಲ್ಲಿದ್ದರು” ಎನ್ನದ ಮನೆ ಈ ಮೂರು ತಾಲ್ಲೂಕಿನಲ್ಲಿ ಕಡಿಮೆ. ಹೈದರಾಲಿ ಬಿದನೂರು ಹಿಡಿದದ್ದು 1763ರಲ್ಲಿ. ಇವತ್ತಿನಿಂದ ಅಲ್ಲಿಗೆ ಎಂಟು ಹತ್ತು ತಲೆ ಆಗುತ್ತದೆ. ನಿಮ್ಮ ಕೈಯಲ್ಲಿರುವುದು ನಾಲ್ಕು. ನಡುವಿನವರನ್ನು ಬಿಟ್ಟು ರೈಸ್ ಸಾಹೇಬರ ಶಾಸನ ಸಂಪುಟದಲ್ಲಿ ಸಿಕ್ಕಿದ ಯಾವುದೋ ಹೆಸರಿಗೆ ಗಂಟು ಹಾಕಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ. ಗೊತ್ತಿಲ್ಲದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಮತ್ತೆ, ನಿಮ್ಮ ಹಾಳೆಯಲ್ಲಿ ಒಬ್ಬ ಹೆಂಗಸೂ ಕಾಣುತ್ತಿಲ್ಲ. ಮುತ್ತಜ್ಜ ಆಕಾಶದಿಂದ ಬಿದ್ದನೇ? ಅಜ್ಜಿಯನ್ನು ತಂದದ್ದು ಯಾವ ಊರಿಂದ ಎಂದು ಕೇಳಿ, ಆ ತವರುಮನೆಗೆ ಹೋಗಿ. ನಿಮ್ಮ ಮನೆಯಲ್ಲಿ ಕಳೆದುಹೋದ ಮದುವೆಯ ವರ್ಷ, ಮೊದಲ ಹೆಂಡತಿಯ ಸುದ್ದಿ, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳ ಹೆಸರು ಅಲ್ಲಿ ಇದ್ದರೂ ಇರಬಹುದು. ನಾಡಕಚೇರಿಗೆ ಕೊಡಲು ಮಾಡಿಸಿದ ವಂಶವೃಕ್ಷದ ನಕಲನ್ನು ಪೂರ್ತಿ ನಂಬಬೇಡಿ. ಹಿಂದೆಲ್ಲ ಆಸ್ತಿಗೆ ಬೇಕಾದವರನ್ನು ಬರೆದು ಹೆಣ್ಣುಮಕ್ಕಳನ್ನು ಬಿಟ್ಟ ಮನೆಗಳು ಎಷ್ಟೋ.

ಹಾಗೆ ನೆಂಟರ ಮನೆಗೆ ಹೋದಲ್ಲಿ ನಿಮ್ಮನ್ನು ಮೊದಲು ಅನುಮಾನದಿಂದಲೇ ನೋಡುತ್ತಾರೆ. ಮೂವತ್ತು ವರ್ಷ ತಲೆ ಹಾಕದವರು ಬಂದು ಸರ್ವೆ ನಂಬರು ಕೇಳಿದರೆ, ಪಾಲು ಕೇಳಲು ಬಂದರು ಎಂದುಕೊಳ್ಳದೆ ಇನ್ನೇನು ಮಾಡಿಯಾರು? ಬರಿಗೈಯಲ್ಲಿ ಹೋಗಬೇಡಿ. ನೀವು ಇದುವರೆಗೆ ಬರೆದ ಹಾಳೆಯ ಜೆರಾಕ್ಸ್ ಒಂದನ್ನು ಅವರ ಕೈಗೇ ಕೊಡಿ, ತಪ್ಪಿದ್ದಲ್ಲಿ ತಿದ್ದಿ ಎಂದು ಹೇಳಿ, ಪೆನ್ನೂ ಕೊಡಿ. ಮೂಲ ಪತ್ರ ತೋರಿಸಿದರೆ ಅಲ್ಲೇ ಕೂತು ಫೋಟೋ ತೆಗೆದುಕೊಳ್ಳಿ, ನಾಲ್ಕು ದಿನದಲ್ಲಿ ತಂದುಕೊಡುತ್ತೇನೆಂದು ಚೀಲಕ್ಕೆ ಹಾಕಿಕೊಂಡು ಬರಬೇಡಿ.