ರೋಬೊ ವ್ಯಾಕ್ಯೂಮ್: ಮನೆ ಗುಡಿಸಲು ಎಷ್ಟು ಹೊತ್ತು ಬೇಕು?

ರೋಬೊ ವ್ಯಾಕ್ಯೂಮ್‌ಗೆ ಒಂದು ಚದರ ಮೀಟರ್ ಖಾಲಿ ನೆಲ ಗುಡಿಸಲು ಸುಮಾರು ಒಂದು ನಿಮಿಷ ಬೇಕು. ಒಂದು ಚದರ ಮೀಟರ್ ಎಂದರೆ ಹೆಚ್ಚುಕಡಿಮೆ 11 ಚದರ ಅಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಪೂರ್ತಿ ಖಾಲಿ ಇದ್ದರೆ 11 ನಿಮಿಷ. ಮನೆಯೊಳಗಿನ ಹೊಸ್ತಿಲು, ಕಂಬ, ಜೋಳದ ಚೀಲ, ಮಂಚಗಳನ್ನೆಲ್ಲ ಲೆಕ್ಕಕ್ಕೆ ತಂದಾಗ ಈ ಅಂಕಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಸೋಲಾಪುರ ಜಿಲ್ಲೆಯ ಹುಲಜಂತಿಯಂಥ ಊರಿನ ಹಳೆಯ ಮನೆಗೂ ಸೋಲಾಪುರ ಪೇಟೆಯ ಫ್ಲ್ಯಾಟಿಗೂ ವಿಸ್ತೀರ್ಣ ಒಂದೇ ಇದ್ದರೂ ಸಮಯ ಒಂದೇ ಆಗದಿರುವುದು ಇದರಿಂದಲೇ.

ಮೊದಲು ನೆಲವನ್ನು ಅಳೆಯಬೇಕು. ಪಡಸಾಲೆ 12×20, ನಡುಮನೆ 12×15, ಅಡುಗೆಮನೆ 10×10, ಮಲಗುವ ಕೋಣೆ 10×12 ಅಡಿ ಎಂದಿಟ್ಟುಕೊಂಡರೆ ಒಟ್ಟು 640 ಚದರ ಅಡಿ. ಇದರಲ್ಲಿ ಯಂತ್ರ ಹೋಗಲಾರದ ಜಾಗವನ್ನು ಕಳೆಯಬೇಕು: ಟ್ರಂಕು, ಕಪಾಟು, ಧಾನ್ಯದ ಚೀಲ, ಕಟ್ಟೆ. ಸಾಮಾನ್ಯ ಸಂಸಾರದ ಮನೆಯಲ್ಲಿ ಕಾಲುಭಾಗ ಹೀಗೆ ಹೋಗುತ್ತದೆ. ಉಳಿದದ್ದು 480 ಚದರ ಅಡಿ, ಅಂದರೆ 45 ಚದರ ಮೀಟರ್. ಅಲ್ಲಿಗೆ ಒಂದು ಸುತ್ತಿಗೆ 45ರಿಂದ 50 ನಿಮಿಷ. ಮಂಚದ ಕೆಳಗಿನ ಜಾಗವನ್ನು ಕಳೆಯುವ ಮುನ್ನ ಎತ್ತರ ನೋಡಬೇಕು. ಹೆಚ್ಚಿನ ಯಂತ್ರಗಳು ಎಂಟರಿಂದ ಹತ್ತು ಸೆಂಟಿಮೀಟರ್ ಎತ್ತರದವು. ಮಂಚ ಅದಕ್ಕಿಂತ ಎತ್ತರವಿದ್ದರೆ ಆ ಜಾಗವೂ ಗುಡಿಸುವ ಲೆಕ್ಕಕ್ಕೇ ಸೇರುತ್ತದೆ. ಕೈ ಎಟುಕದ ಆ ಮೂಲೆಯ ಧೂಳು ತೆಗೆಯುವುದೇ ಈ ಯಂತ್ರದ ದೊಡ್ಡ ಉಪಕಾರ.

ಯಂತ್ರ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಅದರ ಅಗಲ 35 ಸೆಂಟಿಮೀಟರ್ ಇದ್ದರೂ ಪ್ರತಿ ಸಾಲಿನಲ್ಲಿ ಹೊಸದಾಗಿ ಗುಡಿಸುವುದು ಹದಿನೈದು ಸೆಂಟಿಮೀಟರಿನಷ್ಟೇ, ಉಳಿದದ್ದು ಹಿಂದಿನ ಸಾಲಿನ ಮೇಲೆ ಬೀಳುತ್ತದೆ. ಬರೀ ಗುಣಿಸಿದರೆ ನಿಮಿಷಕ್ಕೆ ಎರಡೂವರೆ ಚದರ ಮೀಟರಿಗಿಂತ ಹೆಚ್ಚೇ ಆಗಬೇಕು. ಆದರೆ ತಿರುಗುವುದು, ಹಿಂದೆ ಸರಿಯುವುದು, ಗೋಡೆಯಂಚಿನಲ್ಲಿ ನಿಧಾನವಾಗುವುದು, ಕುರ್ಚಿಯ ಒಂದೊಂದು ಕಾಲನ್ನೂ ಸುತ್ತುವುದು ಇವೆಲ್ಲ ಸೇರಿ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ತಿನ್ನುತ್ತವೆ. ಸಾಲು ಕಂಬಗಳ ಅಂಕಣದ ಮನೆಯಲ್ಲಿ ಪ್ರತಿ ಕಂಬವೂ ಒಂದು ಸುತ್ತು ಹೆಚ್ಚಿಸುತ್ತದೆ.

ಯಂತ್ರ ದಾರಿ ಹುಡುಕುವ ಬಗೆಯೂ ಮುಖ್ಯ. 2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿ ಹೊರತಂದ ಮೊದಲ ರೂಂಬಾ ಎದುರಿಗೆ ಡಿಕ್ಕಿಯಾದಾಗ ದಿಕ್ಕು ಬದಲಿಸುತ್ತ, ಗೊತ್ತುಗುರಿಯಿಲ್ಲದೆ ಸುತ್ತುತ್ತಿತ್ತು. ಕಡಿಮೆ ಬೆಲೆಯ ಕೆಲವು ಯಂತ್ರಗಳು ಇಂದಿಗೂ ಹಾಗೆಯೇ. ಇಂಥವು ಒಂದೇ ಜಾಗವನ್ನು ಹಲವು ಸಲ ಗುಡಿಸಿ ಇನ್ನೊಂದನ್ನು ಬಿಡುತ್ತವೆ. ಅದೇ ಮನೆಗೆ ಎರಡು ಮೂರು ಪಟ್ಟು ಹೊತ್ತು ಬೇಕು. ತಲೆಯ ಮೇಲೆ ಲೇಸರ್ ಗೋಪುರವಿರುವ ಯಂತ್ರ ಮನೆಯ ನಕ್ಷೆ ಬರೆದುಕೊಂಡು, ಹೊಲದಲ್ಲಿ ಕುಂಟೆ ಹೊಡೆದಂತೆ ಸಾಲು ಹಿಡಿದು ಹೋಗುತ್ತದೆ. ನಾಲ್ಕು ಕೋಣೆಯ ಮನೆಗೆ ಹಣ ಹಾಕುವುದಾದರೆ ಈ ಬಗೆಯದಕ್ಕೇ ಹಾಕಬೇಕು. ಮೊದಲ ದಿನ ನಕ್ಷೆ ಬರೆಯುವಾಗ ಎಲ್ಲ ಬಾಗಿಲು ತೆರೆದಿಟ್ಟು, ನೆಲದ ಮೇಲಿನ ಸಾಮಾನು ಎತ್ತಿದರೆ ಮುಂದಿನ ದಿನಗಳ ಹೊತ್ತು ಉಳಿಯುತ್ತದೆ.

ಹಳ್ಳಿಮನೆಗೆ ನಿಜವಾದ ತೊಡಕು ಹೊಸ್ತಿಲಿನದು. ಬಹುಪಾಲು ಯಂತ್ರಗಳು ಎರಡು ಸೆಂಟಿಮೀಟರಿಗಿಂತ ಎತ್ತರದ ಅಡ್ಡವನ್ನು ಏರಲಾರವು. ಹಳೆಯ ಮರದ ಹೊಸ್ತಿಲು ಅದಕ್ಕಿಂತ ಎಷ್ಟೋ ಎತ್ತರ. ಆದ್ದರಿಂದ ಕೋಣೆಯಿಂದ ಕೋಣೆಗೆ ಎತ್ತಿಡಲು ಒಬ್ಬರು ಮನೆಯಲ್ಲಿರಬೇಕು. ಹೊಸ್ತಿಲ ಇಕ್ಕೆಲಕ್ಕೂ ಇಳಿಜಾರು ಹಲಗೆ ಇಡುವುದುಂಟು, ಆದರೆ ಹೊಸ್ತಿಲು ಪೂಜಿಸುವ ಮನೆಯಲ್ಲಿ ಯಂತ್ರವನ್ನು ಕೈಯಲ್ಲಿ ದಾಟಿಸುವುದೇ ಒಳ್ಳೆಯದು. ಪಡಸಾಲೆ ಎತ್ತರದಲ್ಲಿದ್ದು ದನ ಕಟ್ಟುವ ಅಂಕಣ ತಗ್ಗಿನಲ್ಲಿರುವ ಮನೆಗಳಲ್ಲಿ ಯಂತ್ರ ಅಂಚಿಗೆ ಬಂದು ಹಿಂದಿರುಗುತ್ತದೆ. ಹೊಟ್ಟೆಯಡಿಯ ಸೆನ್ಸರ್‌ಗಳು ನೆಲದತ್ತ ಇನ್ಫ್ರಾರೆಡ್ ಕಿರಣ ಬಿಟ್ಟು, ಅದು ಮರಳಿ ಬರದಿದ್ದರೆ ಮುಂದೆ ತಗ್ಗಿದೆ ಎಂದು ತಿಳಿಯುತ್ತವೆ. ನುಣುಪಾದ ಕಪ್ಪು ಕಲ್ಲಿನ ಮೇಲೂ ಕಿರಣ ಸರಿಯಾಗಿ ಮರಳದೆ ಯಂತ್ರ ನಿಂತುಬಿಡುವುದುಂಟು. ಈ ಸೆನ್ಸರ್‌ಗಳನ್ನು ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಬೇಕು.

ನೆಲದ ಬಗೆಯೂ ಹೊತ್ತನ್ನು ಬದಲಿಸುತ್ತದೆ. ಟೈಲ್ಸಿಗೆ ಒಂದು ಸುತ್ತು ಸಾಕು. ಶಹಾಬಾದ್ ಫರಸಿಯ ಸಂದುಗಳಲ್ಲಿ ಎರೆಮಣ್ಣಿನ ಧೂಳು ಕೂತಿರುವುದರಿಂದ ಎರಡು ಸುತ್ತು ಬೇಕು, ಮೇಲೆ ಲೆಕ್ಕ ಹಾಕಿದ ಮನೆಗೆ ಆಗ ಒಂದೂವರೆ ಗಂಟೆ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಈ ಯಂತ್ರ ಬೇಡವೇ ಬೇಡ. ಬ್ರಷ್ಷು ಸಾರಣೆಯನ್ನೇ ಕೆರೆದು ಎಬ್ಬಿಸುತ್ತದೆ. ಹೊರಡಿಸುವ ಮುನ್ನ ಜಮಖಾನೆ ಮಡಚಿಟ್ಟು, ಜೋತುಬಿದ್ದ ಚಾದರದ ಅಂಚು, ಮೊಬೈಲ್ ಚಾರ್ಜರಿನ ವೈರು ಮೇಲೆತ್ತಬೇಕು. ಮಗ್ಗದ ನೂಲಿನ ಎಳೆಗಳು ಮನೆಯೊಳಗೆ ಹಾರುವ ಕಡೆ ಬ್ರಷ್ಷಿಗೆ ನೂಲು ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ. ಅಲ್ಲಿ ಪ್ರತಿ ಸಲವೂ ಬ್ರಷ್ಷು ಬಿಚ್ಚಿ ಕತ್ತರಿಯಿಂದ ನೂಲು ತೆಗೆಯಬೇಕು. ಈ ಸಿದ್ಧತೆಗೆ ಹತ್ತು ನಿಮಿಷ ಬೇರೆ. ದೇವರಮನೆಯನ್ನು ನಕ್ಷೆಯಲ್ಲಿ ನಿಷೇಧಿತ ಜಾಗವೆಂದು ಗುರುತಿಸಿಡಬೇಕು. ಇಲ್ಲದಿದ್ದರೆ ರಂಗೋಲಿ ಅಳಿಸುವುದು ಮಾತ್ರವಲ್ಲ, ಉರಿಯುವ ದೀಪಕ್ಕೂ ತಾಗೀತು.

ಬ್ಯಾಟರಿಗೆ ಕಂಪನಿ ಹೇಳುವ 90 ಅಥವಾ 180 ನಿಮಿಷ ಮೆಲ್ಲನೆಯ ಎಳೆತಕ್ಕೆ ಸಂಬಂಧಿಸಿದ್ದು. ಪೂರ್ತಿ ಜೋರಿನಲ್ಲಿ ಓಡಿಸಿದರೆ ಅದು ಅರ್ಧದಷ್ಟಕ್ಕೂ ಇಳಿಯಬಹುದು. ಚಾರ್ಜ್ ಮುಗಿಯುತ್ತ ಬಂದಾಗ ನಕ್ಷೆಯುಳ್ಳ ಯಂತ್ರ ತಾನೇ ಚಾರ್ಜಿಂಗ್ ಡಾಕ್‌ಗೆ ಮರಳಿ, ತುಂಬಿಸಿಕೊಂಡು ಬಿಟ್ಟ ಜಾಗದಿಂದ ಮುಂದುವರಿಸುತ್ತದೆ. ಖಾಲಿ ಬ್ಯಾಟರಿ ತುಂಬಲು ಮೂರರಿಂದ ಆರು ಗಂಟೆ. ಗುಡಿಸುವಾಗ ಕರೆಂಟು ಹೋದರೆ ಚಿಂತೆಯಿಲ್ಲ, ಚಾರ್ಜಿನ ಹೊತ್ತಿಗೆ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ರಾತ್ರಿ ತುಂಬಿಸಿ ಬೆಳಿಗ್ಗೆ ಬಿಡುವುದು ಸರಿ. ಖರ್ಚು ಅಲ್ಪ: 14.4 ವೋಲ್ಟಿನ, 5200 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಸುವುದು 75 ವ್ಯಾಟ್-ಅವರ್, ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಅಲ್ಲ. ಇಷ್ಟೇ ಮನೆಯನ್ನು ಕಸಬರಿಗೆ ಹಿಡಿದವರು ಇಪ್ಪತ್ತು ನಿಮಿಷದಲ್ಲಿ ಗುಡಿಸಿ ಮುಗಿಸುತ್ತಾರೆ. ಯಂತ್ರ ನಿಧಾನವೇ ಸರಿ, ಆದರೆ ಆ ಮುಕ್ಕಾಲು ಗಂಟೆ ಯಾರೂ ನಡು ಬಗ್ಗಿಸಿ ಗುಡಿಸಬೇಕಾಗಿಲ್ಲ.

ದೀಪಾವಳಿಯ ಲೆಕ್ಕವೇ ಬೇರೆ. ಆಗ ನಡೆಯುವ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಯಲ್ಲಿ ಪಲ್ಲಕ್ಕಿಗಳು ಕೂಡುವಾಗ ಭಂಡಾರದ, ಅಂದರೆ ಅರಿಸಿನ ಪುಡಿಯ, ಮಳೆಯೇ ಆಗುತ್ತದೆ. ಬಟ್ಟೆಗೆ, ಕಾಲಿಗೆ ಅಂಟಿದ ಅರಿಸಿನ ಮನೆಯೊಳಗೂ ಬರುತ್ತದೆ. ಭಂಡಾರ ಪ್ರಸಾದವಾದ್ದರಿಂದ ಮೊದಲು ಬಟ್ಟೆಯಿಂದ ಒಟ್ಟುಗೂಡಿಸಿ ಗಿಡದ ಬುಡಕ್ಕೆ ಹಾಕುವುದು ಲೇಸು. ಯಂತ್ರಕ್ಕೂ ಅದೇ ಕ್ಷೇಮ, ಏಕೆಂದರೆ ಇಷ್ಟು ನುಣ್ಣನೆಯ ಪುಡಿ ಫಿಲ್ಟರಿನ ರಂಧ್ರ ಮುಚ್ಚಿ ಎಳೆತವನ್ನು ಬೇಗ ಕುಗ್ಗಿಸುತ್ತದೆ. ಉಳಿದ ಪುಡಿಗೆ ಒಣ ಗುಡಿಸಾಟವೊಂದೇ ಸರಿ. ಒರೆಸುವ ಬಟ್ಟೆ ಜೋಡಿಸಿ ಬಿಟ್ಟರೆ ನೀರು ತಾಗಿದ ಅರಿಸಿನ ಫರಸಿಯುದ್ದಕ್ಕೂ ಹಳದಿ ಕಲೆಯಾಗಿ ಹರಡುತ್ತದೆ. ಕೋಣೆಗೊಮ್ಮೆ ನಿಲ್ಲಿಸಿ ಡಬ್ಬಿ ಬರಿದುಮಾಡಿ, ಫಿಲ್ಟರ್ ತಟ್ಟಿ, ಎರಡನೇ ಸುತ್ತು ಬಿಡಬೇಕು. ಹೀಗೆ ಆ ದಿನ 640 ಚದರ ಅಡಿಯ ಮನೆಗೆ ಎರಡು ಗಂಟೆ ಹಿಡಿಯುತ್ತದೆ. ತೊಳೆಯಬಹುದಾದ ಫಿಲ್ಟರ್ ಆಗಿದ್ದರೆ ನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ಪೂರ್ತಿ ಒಂದು ದಿನ ಒಣಗಿಸಬೇಕು. ಹಸಿಯಿರುವಾಗ ಹಾಕಿದರೆ ಧೂಳು ಕೆಸರಾಗಿ ಮೋಟಾರಿಗೆ ತೊಂದರೆಯಾಗುತ್ತದೆ. ಇನ್ನೊಂದು ಫಿಲ್ಟರ್ ತಂದಿಟ್ಟಿದ್ದರೆ ಮರುದಿನ ಬೆಳಿಗ್ಗೆಯೂ ಯಂತ್ರ ಎಂದಿನಂತೆ ಹೊರಡಬಹುದು.